ಗೋಡೆಯ ಹಿಂದಿನ ಎರಡು ನಿಮಿಷ

ಮಗಳ ಎಡತೋಳಿನ ಮೇಲೆ ಎರಡು ನೀಲಿ ಗೆರೆಗಳಿದ್ದವು. ಸ್ನಾನ ಮಾಡಿಸುವಾಗ ಕಣ್ಣಿಗೆ ಬಿದ್ದದ್ದು ಸೋಮವಾರ. ಗುರುವಾರ ಬಂದರೂ ಅವು ತಾಯಿಯ ತಲೆಯಿಂದ ಇಳಿದಿರಲಿಲ್ಲ. "ಬಿದ್ದೆ" ಅಂದಿದ್ದಳು ಮಗಳು. ಎಂಟು ವರ್ಷದ, ಮೂರನೇ ಕ್ಲಾಸಿನ ಆ ಹುಡುಗಿಯನ್ನು ಮನೆಯಲ್ಲೂ ಶಾಲೆಯಲ್ಲೂ ಚೂಟಿ ಅಂತಲೇ ಕರೆಯುವುದು. ಬಿದ್ದರೆ ಮೊಣಕಾಲು ತರಚುತ್ತದೆ, ಮೊಣಕೈ ಸುಲಿಯುತ್ತದೆ. ಸ್ಕೇಲು ಇಟ್ಟು ಎಳೆದ ಹಾಗೆ ಜೋಡಿ ಗೆರೆ ಮೂಡುತ್ತದೆಯೇ?

"ರೀ, ಆ ಪಿ.ಟಿ. ಮೇಷ್ಟ್ರು ಹೊಡೀತಾರೆ ಅನ್ಸುತ್ತೆ."

ಗಂಡ ಶೂ ಲೇಸು ಕಟ್ಟುತ್ತ ತಲೆ ಎತ್ತಲಿಲ್ಲ. "ನಿಂಗೆ ಮೊನ್ನೆ ವ್ಯಾನ್ ಡ್ರೈವರ್ ಕಳ್ಳ ಅನ್ಸಿತ್ತು. ಅದಕ್ಕೂ ಮುಂಚೆ ನೀರಿನ ಫಿಲ್ಟರಲ್ಲಿ ಹುಳ ಇದೆ ಅನ್ಸಿತ್ತು."

"ನೀವು ಅವರ ಕೈ ನೋಡಿದೀರಾ?"

"ಕೈ ನೋಡೋಕೆ ನಾನೇನು ಶಾಸ್ತ್ರ ಹೇಳೋನಾ? ಸುಮ್ನಿರೇ."

ಅವಳು ನೋಡಿದ್ದಳು. ಹಾರೆಯ ಹಿಡಿಯಂಥ ಮುಂಗೈ. ಬಲಗೈಯ ಎರಡು ಬೆರಳು ಮಾತ್ರ ಕೊಕ್ಕೆಯಂತೆ ಮಡಚಿಕೊಂಡೇ ಇರುತ್ತಿದ್ದವು. ಹೋದ ವರ್ಷದ ಓಟದ ಸ್ಪರ್ಧೆಯ ದಿನ ನಾಲ್ಕನೆಯವನಾಗಿ ಬಂದ ಮಗನಿಗೆ ಒಬ್ಬ ಅಪ್ಪ ಓಟ ಮುಗಿಯುವ ಗೆರೆಯ ಬಳಿಯೇ ಕಪಾಳಕ್ಕೆ ಬಾರಿಸಿದಾಗ, ಈ ಮೇಷ್ಟ್ರು ಆ ಅಪ್ಪನ ಕೈ ಹಿಡಿದು ತಿರುಚಿದ್ದರು. ಭುಜ ಲಟಕ್ ಅಂದದ್ದು ಪೆಂಡಾಲಿನವರೆಗೂ ಕೇಳಿಸಿತ್ತಂತೆ. ಮೇಷ್ಟ್ರು ಕ್ಷಮಾಪಣೆ ಬರೆದುಕೊಟ್ಟಿದ್ದರು. ಇನ್ನೊಂದು ಸಲ ಏನಾದರೂ ಆದರೆ ಕೆಲಸ ಹೋಯಿತೆಂದೇ ತಿಳಿದುಕೊಳ್ಳಿ ಅಂತ ಹೆಡ್‌ಮಿಸ್ಸು ಎಲ್ಲರೆದುರು ಹೇಳಿದ್ದರು. ಅಂಥವನ ಕೈಗೆ ಮೂವತ್ತು ಎಳೆಯ ಮಕ್ಕಳು.

ಗುರುವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಾಲೆಯ ಮೈದಾನದ ಕಲ್ಲುಬೆಂಚಿನ ಮೇಲೆ ಹೋಗಿ ಕೂತಳು. ಪಕ್ಕದಲ್ಲಿ ಆಯಾ, ಮಕ್ಕಳ ನೀರಿನ ಬಾಟಲಿಗಳ ರಾಶಿ ಕಾಯುತ್ತಿದ್ದಳು.

ಮೇಷ್ಟ್ರು ಮಕ್ಕಳ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ರಿಲೇ ಹೇಳಿಕೊಡುತ್ತಿದ್ದರು. ನೀರಿನ ಪೈಪನ್ನು ಗೇಣುದ್ದ ಕತ್ತರಿಸಿ, ಎರಡೂ ತುದಿಗೆ ಟೇಪು ಸುತ್ತಿ ಬ್ಯಾಟನ್ ಮಾಡಿದ್ದರು. "ಕೊಡೋರು ಕೂಗ್ಬೇಕು. ತಗೊಳ್ಳೋರು ತಿರುಗಿ ನೋಡ್ಬಾರ್ದು. ಅಂಗೈ ಹಿಂದೆ, ಹೆಬ್ಬೆರಳು ದೂರ. ನೋಡದೇನೇ ನಂಬಬೇಕು, ಗೊತ್ತಾಯ್ತಾ?" ಅಂದರು. ಒಬ್ಬ ಹುಡುಗ ಹಿಂದಕ್ಕೆ ತಿರುಗಿ ಅಂಗೈಯ ಬದಲು ನಾಲಿಗೆ ಚಾಚಿ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು.

"ಇವರು ಮಕ್ಕಳಿಗೆ ಹೊಡೀತಾರಾ ಆಯಾ?" ಅಂತ ಮೆಲ್ಲಗೆ ಕೇಳಿದಳು.

"ಅವ್ರಾ?" ಆಯಾ ಬಾಟಲಿ ಜೋಡಿಸುವುದನ್ನು ನಿಲ್ಲಿಸಿದಳು. "ಆ ಬೆರಳು ಹೆಂಗಾಯ್ತು ಅಂತ ಗೊತ್ತೇನಮ್ಮಾ ನಿಮ್ಗೆ? ಹನ್ನೊಂದು ವರ್ಷದ ಹುಡುಗ ಆಗ. ಓಟದಲ್ಲಿ ಈ ಕೋಲು ಕೈ ಜಾರಿ ಬಿತ್ತಂತೆ. ಅವ್ರ ಗುರು, ಪುಣ್ಯಾತ್ಮ, ಡ್ರಮ್ಮಿನ ಅಂಚಿನ ಮೇಲೆ ಕೈ ಇಡಿಸಿ ಕಬ್ಬಿಣದ ರಾಡಲ್ಲಿ ಹೊಡೆದ್ನಂತೆ. ಮೂಳೆ ಪುಡಿ. ಮಾರನೇ ದಿನ ಅದೇ ಕೈಲಿ ಕೋಲು ಕೊಟ್ಟು ಮತ್ತೆ ಓಡ್ಸಿದ. ಓಡೋವಾಗ ವಾಂತಿ ಮಾಡ್ಕೊಂಡ್ರೂ ಬಿಡ್ಲಿಲ್ವಂತೆ. ಮಕ್ಕಳ ಮೇಲೆ ಕೈ ಎತ್ತಲ್ಲ ಅಂತ ಇವ್ರು ಆಣೆ ಮಾಡಿದ್ದು ಆಗ್ಲೇ." ಆಯಾ ದನಿ ತಗ್ಗಿಸಿದಳು. "ದೊಡ್ಡೋರ ವಿಷಯಕ್ಕೆ ಮಾತ್ರ ಆಣೆಗೀಣೆ ಏನೂ ಇಲ್ಲ ನೋಡಿ."

ಅಷ್ಟರಲ್ಲಿ ಚೂಟಿಯ ತಂಡದ ಬ್ಯಾಟನ್ ಕೆಳಗೆ ಬಿತ್ತು. ಮೂರನೆಯವನಾಗಿ ಓಡುವ ಸಣಕಲು ಹುಡುಗನ ಕೈಯಿಂದ ಜಾರಿತ್ತು. ಮಕ್ಕಳು ಅವನನ್ನು ಆಮೆ ಅನ್ನುತ್ತಿದ್ದರು. ತಾಯಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಳು. ಮೇಷ್ಟ್ರು ಗದರಲಿಲ್ಲ. ಎರಡು ಸಲ ಸೀಟಿ ಊದಿ, "ಹೋಗಿ. ಎರಡು ನಿಮಿಷ. ನೀವ್ ನೀವೇ ಮಾತಾಡ್ಕೊಂಡು ಬನ್ನಿ" ಅಂದರು. ನಾಲ್ಕೂ ಮಕ್ಕಳು ಆಟದ ಸಾಮಾನಿನ ಕೋಣೆಯ ಹಿಂದೆ ಹೋದವು. ಮೇಷ್ಟ್ರು ಬೇಕೆಂದೇ ಆ ಕಡೆಗೆ ಬೆನ್ನು ಮಾಡಿ ನಿಂತರು.

"ನಾನು ಬೈದ್ರೆ ನನಗೆ ಹೆದರಿ ಓಡ್ತಾವೆ ಮೇಡಂ," ಅಂದರು ಬೆಂಚಿನ ಹತ್ತಿರ ಬಂದು. "ಅದು ತಂಡ ಅಲ್ಲ. ತಪ್ಪು ಯಾರದು, ಏನ್ ಮಾಡ್ಬೇಕು, ಅವೇ ಕೂತು ತೀರ್ಮಾನ ಮಾಡ್ಲಿ. ನಾನು ಕದ್ದು ಕೇಳೋದೂ ಇಲ್ಲ. ನೋಡ್ತಿರಿ, ಬಂದ್ಮೇಲೆ ಒಂದು ಸಲಾನೂ ಬೀಳ್ಸಲ್ಲ."

ಹಾಗೇ ಆಯಿತು. ಮಕ್ಕಳು ಬಂದವು, ಓಡಿದವು, ಬ್ಯಾಟನ್ ಕೈಯಿಂದ ಕೈಗೆ ಹೋಯಿತು. ಮೇಷ್ಟ್ರ ಮುಖ ಅರಳಿತು. ತಾಯಿಗೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಗಂಡ ಹೇಳಿದ್ದೇ ಸರಿ, ನನ್ನದು ಬರೀ ಹುಳುಕು ತಲೆ ಅಂದುಕೊಂಡಳು.

ಅರ್ಧ ಗಂಟೆಯ ಮೇಲೆ ಆಮೆ ಮತ್ತೆ ಬೀಳಿಸಿದ. ಮತ್ತೆ ಎರಡು ಸೀಟಿ. ತಾಯಿ ಮಗಳ ಬಾಟಲಿ ತುಂಬಿಸಲೆಂದು ನಲ್ಲಿ ಹುಡುಕುತ್ತ ಕೋಣೆಯ ಇನ್ನೊಂದು ಬದಿಯಿಂದ ಹಿಂದಕ್ಕೆ ಹೋದಳು.

ಇಬ್ಬರು ಆಮೆಯ ಎರಡೂ ತೋಳು ಹಿಡಿದು ಗೋಡೆಗೆ ಒತ್ತಿದ್ದರು. ಕೂಗಬಾರದೆಂದು ಅವನು ತನ್ನ ಅಂಗಿಯ ಕಾಲರನ್ನು ತಾನೇ ಬಾಯಲ್ಲಿ ತುರುಕಿಕೊಂಡಿದ್ದ. ಚೂಟಿ ಪೈಪು ಹಿಡಿದು ಹೊಡೆಯುತ್ತಿದ್ದಳು. "ಒಂದು" ಅಂದಳು, ತೋಳಿಗೆ. "ಎರಡು," ಅದೇ ಜಾಗಕ್ಕೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೋಮ್‌ವರ್ಕ್ ಬರೆಯುವಾಗ ಇರುವ ಹಾಗೆ ತುಟಿ ಕಚ್ಚಿಕೊಂಡಿದ್ದಳು. ಮೂರನೇ ಏಟಿಗೆ ಹುಡುಗ ತಲೆ ಕೊಸರಿದ. ಪೈಪಿನ ಅಂಚು ಹುಬ್ಬಿಗೆ ಬಿತ್ತು. ಚರ್ಮ ಬಿರಿದು ರಕ್ತ ಕಣ್ಣೊಳಗೆ, ಕೆನ್ನೆಗೆ, ಬಾಯಲ್ಲಿದ್ದ ಕಾಲರಿಗೆ ಹರಿಯಿತು. ಅವನು ಆಗಲೂ ಕೂಗಲಿಲ್ಲ.

ಚೂಟಿ ತಿರುಗಿದಳು. ತಾಯಿ ಮಗಳ ಕಣ್ಣು ಕೂಡಿದವು. ತಾಯಿಯ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು, ಇನ್ನೊಂದು ಹೆಜ್ಜೆ ಸರಿಯಿತು, ಕೊನೆಗೆ ಗೋಡೆಯ ಮೂಲೆ ಅಡ್ಡ ಬಂದು ಏನೂ ಕಾಣದಾಯಿತು.

ಹುಡುಗ ಮೈದಾನಕ್ಕೆ ಬಂದಾಗ ಮೇಷ್ಟ್ರು ಓಡಿಹೋಗಿ ಎತ್ತಿಕೊಂಡರು. ಅವರ ಬಿಳಿ ಅಂಗಿ ಪೂರ್ತಿ ಕೆಂಪಾಯಿತು. "ಏನಾಯ್ತೋ ರಾಜಾ?" ಅಂದದ್ದಕ್ಕೆ ಅವನು ಹೇಳಿದ್ದು ಒಂದೇ ಮಾತು: "ಬಿದ್ದೆ."

ಶುಕ್ರವಾರ ಬೆಳಿಗ್ಗೆ ಮಗಳನ್ನು ಬಿಡಲು ಹೋದಾಗ ಹೆಡ್‌ಮಿಸ್ಸಿನ ಕೋಣೆಯ ಹೊರಗೆ ಜನ ಸೇರಿದ್ದರು. ಆಮೆಯ ಅಪ್ಪ ಮೇಷ್ಟ್ರ ಕೊರಳಪಟ್ಟಿ ಹಿಡಿದು ಗೋಡೆಗೆ ಗುದ್ದುತ್ತಿದ್ದ. "ಹುಬ್ಬಿಗೆ ಐದು ಹೊಲಿಗೆ! ಮೈ ತುಂಬ ಬಾಸುಂಡೆ! ಬಿದ್ರೆ ಬಾಸುಂಡೆ ಬರುತ್ತೇನಯ್ಯಾ?" ಕೈಯಲ್ಲಿದ್ದ ಹೆಲ್ಮೆಟ್ಟಿನಿಂದ ಮುಖಕ್ಕೆ ಒಂದು ಬಿಟ್ಟ. ಮೇಷ್ಟ್ರ ತುಟಿ ಸೀಳಿತು. ಇನ್ನೊಂದು ಏಟಿಗೆ ಏನೋ ಬೆಳ್ಳಗಿನದು ನೆಲಕ್ಕೆ ಬಿತ್ತು. ಹಲ್ಲು.

ದೊಡ್ಡವರ ವಿಷಯಕ್ಕೆ ಆಣೆ ಇಲ್ಲದ ಮನುಷ್ಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. "ಹೊಡೀರಿ," ಅಂದರು, ರಕ್ತ ನುಂಗುತ್ತ. "ನಾನು ಬೆನ್ನು ಹಾಕಿ ನಿಂತಿದ್ದೆ. ನನ್ನ ಮೈದಾನದಲ್ಲಿ ಆಗಿದ್ದು ನನ್ನದೇ."

"ನೋಡಿ, ಒಪ್ಕೊಂಡ," ಅಂದ ಗುಂಪಿನಲ್ಲಿ ಯಾರೋ.

ಹೆಡ್‌ಮಿಸ್ಸು ಆಗಲೇ ಕಾಗದ ಟೈಪು ಮಾಡಿಸುತ್ತಿದ್ದರು. ಹುಡುಗನ ತಾಯಿ ಮೂಲೆಯಲ್ಲಿ ನಿಂತು, ಹನ್ನೊಂದಕ್ಕೆ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡುವುದಾಗಿ ಎಲ್ಲರಿಗೂ ಹೇಳುತ್ತಿದ್ದಳು. ಚೂಟಿಯ ತಾಯಿ ಮಗಳ ಕೈ ಹಿಡಿದು ಹಾಗೇ ಮನೆಗೆ ಎಳೆದುಕೊಂಡು ಬಂದಳು.

"ಯಾಕೆ ಹೊಡೆದೆ ಅವನಿಗೆ?"

ಚೂಟಿ ಶೂ ಬಿಚ್ಚಲೂ ಇಲ್ಲ. "ಮಾತಾಡ್ಕೊಳ್ಳಿ ಅಂತಾರೆ ಸರ್. ಮಾತಾಡಿದ್ರೆ ಎರಡು ನಿಮಿಷ ಸಾಕಾಗಲ್ಲಮ್ಮ."

"ಅದಕ್ಕೆ?"

"ಬೀಳಿಸಿದೋರಿಗೆ ಮೂರು. ಎಲ್ಲಾ ತಂಡದಲ್ಲೂ ಅಷ್ಟೇ. ನಾನು ಬೀಳಿಸ್ದಾಗ ನಂಗೂ ಹೊಡೆದ್ರು. ಆಮೆನೇ ಹೊಡೆದಿದ್ದು. ನಾನು ಅತ್ನಾ?" ತೋಳು ಮುಂದೆ ಚಾಚಿದಳು. ಗೆರೆಗಳು ಈಗ ಹಳದಿಗೆ ತಿರುಗಿದ್ದವು. "ನೀನು ನೋಡಿದ್ಯಲ್ಲ. ನೀನೂ ಏನೂ ಅನ್ಲಿಲ್ಲ."

ತಾಯಿ ಫೋನು ಕೈಗೆತ್ತಿಕೊಂಡಳು. ಗಂಡನಿಗೆ ಮೆಸೇಜು ಮಾಡಿದಳು, ಎಲ್ಲವನ್ನೂ. ತಕ್ಷಣ ಉತ್ತರ ಬಂತು: "ಬಾಯಿ ಬಿಡಬೇಡ. ಮಗು ಹೆಸರು ಕೆಡುತ್ತೆ. ಆ ಮೇಷ್ಟ್ರಿಗೆ ಇನ್ನೊಂದು ಶಾಲೆ ಸಿಗುತ್ತೆ."

ಹೆಲ್ಮೆಟ್ಟಿನಲ್ಲಿ ಹೊಡೆಸಿಕೊಂಡ, ಇನ್ನೇನು ಪೊಲೀಸರು ಕರೆದುಕೊಂಡು ಹೋಗಲಿರುವ ಪಿ.ಟಿ. ಮೇಷ್ಟ್ರಿಗೆ ಯಾವ ಶಾಲೆ ಸಿಗುತ್ತದೆ? ಮಗಳಿಗೇನೋ ನಾಳೆ ಶಾಲೆ ಇದೆ, ತಂಡ ಇದೆ, ಗೋಡೆ ಇದೆ. ಇನ್ನು ಮೇಲೆ ಅವಳು ಯಾರನ್ನು ಹೊಡೆದರೂ ಅಮ್ಮ ಏನೂ ಅನ್ನುವುದಿಲ್ಲವೆಂದು ಅವಳಿಗೆ ಗೊತ್ತು.

ಹತ್ತೂ ನಲವತ್ತು. ಹುಡುಗನ ತಾಯಿಯ ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಮೂರನೇ ಸಲ ರಿಂಗಾಯಿತು.

"ಹಲೋ, ಯಾರು?" ಹಿಂದೆ ಸ್ಕೂಟರಿನ ಸದ್ದು.

"ನಾನು ಚೂಟಿ ಅಮ್ಮ."

"ಹೊರಟಿದ್ದೀನಿ ರೀ, ಆಮೇಲೆ ಮಾಡಿ."

"ಗಾಡಿ ನಿಲ್ಸಿ, ಒಂದು ನಿಮಿಷ," ಅಂದಳು. ಮಗಳು ಎದುರಿಗೇ ನಿಂತು ನೋಡುತ್ತಿದ್ದಳು. "ನಿಮ್ಮ ಮಗನಿಗೆ ಹೊಡೆದಿದ್ದು ಮೇಷ್ಟ್ರಲ್ಲ. ನನ್ನ ಮಗಳು. ನಾನು ಅಲ್ಲೇ ಇದ್ದೆ, ನೋಡಿದೆ, ಬಿಡಿಸ್ಲಿಲ್ಲ."