ಮುನಿಸಿಕೊಂಡಿದ್ದ ವೈನ್

ಕೋಟೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಕೊಡಗಿನ ಹೆಂಗಸು ಟವೆಲ್ಲು ಸುತ್ತಿದ ಬಾಟಲಿಯನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು. ವರ್ಷಗಳ ಹಿಂದೆ ಮಗಳ ಮದುವೆಗೆಂದು ಮನೆಯಲ್ಲೇ ಮಾಡಿದ ಕೆಂಪು ದ್ರಾಕ್ಷಿ ವೈನು. ಅಂದು ಬೀಗರು ಅದನ್ನು ಬಣ್ಣದ ನೀರೆಂದು ಹಂಗಿಸಿ ಚಪ್ಪರವನ್ನೆಲ್ಲ ನಗಿಸಿದ್ದರಂತೆ.

"ಮೊದಲು ಘಮ್ ಅಂತಿತ್ತು. ಮದುವೆ ಹೊತ್ತಿಗೆ ಘಮ, ರುಚಿ ಎಲ್ಲ ಅಡಗಿಸಿ ಮುನಿಸಿಕೊಂಡಿತು. ಕೆಂಪು ವೈನು ಹಾಗೇ. ವರ್ಷಗಟ್ಟಲೆ ಬಿಟ್ರೆ ತಾನಾಗೇ ಬಾಯಿ ಬಿಡ್ತದೆ."

"ಬಿಟ್ಟಿದೆಯಾ, ರುಚಿ ನೋಡಿ ಹೇಳಲಾ?"

"ನಿನ್ನ ಬಾಯಿ ಮುಚ್ಚಿದ್ದೇ ಕಾಣೆ, ಸುಮ್ನಿರು ಮಾರಾಯ."

ನಾವಿಬ್ಬರೂ ಇಳಿದ ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಬೀಗರು ಆಕೆಗಾಗಿ ಕಾದಿದ್ದರು. "ಇವತ್ತೂ ಬಣ್ಣದ ನೀರೇನಾ, ಬೀಗ್ತಿಯೋರೆ?"

ಆಕೆ ಟೀ ಅಂಗಡಿಯ ಗ್ಲಾಸಿಗೆ ಅಲ್ಲೇ ಸುರಿದುಕೊಟ್ಟರು. ಬೀಗರ ಸೊಟ್ಟ ಮೂತಿಯನ್ನು ಅಣಕಿಸಲು ನಾನು ಮೊದಲೇ ಮೂತಿ ಸೊಟ್ಟ ಮಾಡಿಕೊಂಡು ನಿಂತಿದ್ದೆ. ಅವರು ಕುಡಿದು, ಮೀಸೆ ಒರೆಸಿ, ಖಾಲಿ ಗ್ಲಾಸನ್ನು ಮುಂದೆ ಹಿಡಿದರು.

"ಇನ್ನೊಸಿ ಬುಡಿ."

ಆಕೆ ಬಿರಡೆ ಒತ್ತಿ ಟವೆಲ್ಲು ಸುತ್ತಿದರು. "ಉಳಿದದ್ದು ಮಗಳಿಗೆ."