ಮೊಟ್ಟೆಯಿಲ್ಲದ ಕೇಕು

ಬೇಕರಿಯವನ ಮನೆ ಬೇಕರಿಯ ಹಿಂದುಗಡೆಯೇ ಇತ್ತು. ನಡುವಿನ ಬಾಗಿಲು ಸದಾ ತೆರೆದಿರುತ್ತಿದ್ದುದರಿಂದ ಅವನ ಮಗಳು ಬೆಣ್ಣೆಯ ವಾಸನೆಯಲ್ಲೇ ಬೆಳೆದವಳು. ಶಾಲೆಯಿಂದ ಬಂದವಳೇ ಅಪ್ಪನ ಪಕ್ಕ ನಿಂತು ಟಕಟಕನೆ ಮೊಟ್ಟೆ ಒಡೆದುಕೊಡುವಳು.

ಒಂದು ಮಧ್ಯಾಹ್ನ ಬಾಗಿಲಲ್ಲೇ ನಿಂತಳು.

"ಅಪ್ಪಾ, ಬೈಬೇಡ. ಇನ್ಮೇಲೆ ನಾನು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಏನೂ ತಿನ್ನಲ್ಲ."

"ಯಾಕೆ, ಹೊಟ್ಟೆ ಕೆಟ್ಟಿದ್ಯಾ?"

"ಶಾಲೆಯಿಂದ ಕೋಳಿ ಫಾರ್ಮಿಗೆ ಕರ್ಕೊಂಡು ಹೋಗಿದ್ರಲ್ಲ? ಪಾಪ, ಅವಕ್ಕೆ ರೆಕ್ಕೆ ಬಿಚ್ಚೋಕೂ ಜಾಗ ಇಲ್ಲ. ಹಾಲಿಗೋಸ್ಕರ ಹಸುವಿನಿಂದ ಕರು ಬೇರೆ ಮಾಡ್ತಾರೆ ಅಂತಾನೂ ಓದಿದೆ. ನನ್ನ ಕೈಲಾಗಲ್ಲ."

ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಹೆಂಡತಿ ತಿರುಗಿ ನೋಡಿದಳು. "ಚೆನ್ನಾಗಿದೆ! ಬೇಕರಿಯವನ ಮಗಳೇ ಕೇಕ್ ಬೇಡ ಅಂದ್ರೆ ಗಿರಾಕಿಗಳು ಏನಂದ್ಕೋಬೇಕು?"

ವಾರದಲ್ಲಿ ಮರೆತಾಳು ಎಂದುಕೊಂಡು ಅವನು ಸುಮ್ಮನಾದ. ಮರೆಯಲಿಲ್ಲ. ತಟ್ಟೆಯಲ್ಲಿ ಬರೀ ಅನ್ನ, ಸೌತೆಕಾಯಿ. ಮುಖ ಬಾಡಿತು. ಬೇಕರಿಯ ಕಡೆ ಕಾಲಿಡುವುದನ್ನೂ ಬಿಟ್ಟಳು. ಕೇಕ್ ಬಿಟ್ಟದ್ದಕ್ಕಿಂತ ಅವನಿಗೆ ಚುರುಕ್ಕೆಂದದ್ದು ಇದೇ. ಪಕ್ಕದ ಜಾಗ ಖಾಲಿ ಹೊಡೆಯುತ್ತಿತ್ತು.

"ರೀ, ಗದರಿಸಿಯಾದ್ರೂ ಹಾಲು ಕುಡಿಸಿ," ಎಂದಳು ಹೆಂಡತಿ.

"ಗದರಿಸಿದ್ರೆ ಕದ್ದು ಚೆಲ್ತಾಳೆ ಅಷ್ಟೆ," ಎಂದವನೇ ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರಮ್ಮ ಬೈಯಲಿಲ್ಲ. "ಬೆಳೆಯೋ ವಯಸ್ಸು. ಬೇಳೆ, ಕಾಳು, ಸೊಪ್ಪು, ಕಡಲೆಕಾಯಿ ದಿನಾ ಹೊಟ್ಟೆ ತುಂಬ ತಿನ್ಬೇಕು. ಬಿ-ಟ್ವೆಲ್ವ್ ವಿಟಮಿನ್ ಮಾತ್ರೆ ತಪ್ಪಿಸೋ ಹಾಗಿಲ್ಲ. ಆಗಾಗ ಬಂದು ರಕ್ತ ಪರೀಕ್ಷೆ ಮಾಡಿಸ್ಬೇಕು. ಒಪ್ಪಿಗೆನಾ?"

ಹುಡುಗಿ ಅಪ್ಪನ ಮುಖ ನೋಡಿದಳು.

"ನಿನ್ನ ಮಾತು ನಾನು ಕೇಳ್ತೀನಿ, ಇವರ ಮಾತು ನೀನು ಕೇಳು. ಆಯ್ತಾ?" ಎಂದ.

ಅವಳು ತಲೆಯಾಡಿಸಿದಳು. ಅಂದಿನಿಂದ ಮನೆಯಲ್ಲಿ ಕಾಳು ನೆನೆಹಾಕುವ ಕೆಲಸ ಅವಳದೇ ಆಯಿತು.

ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮೊಟ್ಟೆ, ಬೆಣ್ಣೆ ಮುಟ್ಟದೆ ಒಂದು ಕೇಕ್ ಬೇಯಿಸಿದ. ಅದು ಉಬ್ಬಲಿಲ್ಲ. ಹೆಂಡತಿ ಬೆರಳಲ್ಲಿ ತಟ್ಟಿ, "ಇದನ್ನ ಗೋಡೆ ಕಟ್ಟೋರಿಗೆ ಕೊಡಿ," ಎಂದಳು. ಮಗಳು ಮಾತ್ರ ಕಷ್ಟಪಟ್ಟು ಅಗಿಯುತ್ತ, "ಚೆನ್ನಾಗಿದೆ ಅಪ್ಪಾ," ಎಂದಳು.

"ಸುಳ್ಳು ಹೇಳ್ಬೇಡ. ಕೋಳಿ ಮೇಲಿರೋ ಕರುಣೆ ಕೋಳಿ ಮೇಲೇ ಇರ್ಲಿ, ನನ್ನ ಕೇಕ್ ಮೇಲೆ ಬೇಡ."

ಅವಳು ಪಕ್ಕನೆ ನಕ್ಕಳು. ನಕ್ಕವಳು ಹಾಗೇ ಬೇಕರಿಯೊಳಗೆ ಬಂದಳು. ಇಬ್ಬರೂ ಕಳಿತ ಬಾಳೆಹಣ್ಣು ಕಿವುಚಿ, ಎಣ್ಣೆ ಬೆರೆಸಿ, ಅಡುಗೆ ಸೋಡಾಕ್ಕೆ ಚೂರು ವಿನೆಗರ್ ಹಾಕಿ ಮತ್ತೆ ಹಿಟ್ಟು ಕಲಸಿದರು. ಒಂದು ಕೇಕ್ ಹಸಿಯಾಗೇ ಉಳಿಯಿತು, ಇನ್ನೊಂದು ಸೀದುಹೋಯಿತು. ಕೊನೆಗೊಮ್ಮೆ ಕೇಕ್ ಓವನ್ನಿನಲ್ಲಿ ಮೆಲ್ಲಗೆ ಉಬ್ಬಿ, ಕಂದು ಬಣ್ಣಕ್ಕೆ ತಿರುಗಿತು. ಹೆಂಡತಿ ಒಂದು ತುಂಡು ತಿಂದು, ಇನ್ನೊಂದು ತೆಗೆದುಕೊಂಡಳು.

"ಬಾಕಿ ಕೇಕಿಗೆಲ್ಲ ಮೊಟ್ಟೆ ಹಾಕ್ತಾನೇ ಇರ್ತೀಯಾ?" ಮಗಳು ಮೆಲ್ಲಗೆ ಕೇಳಿದಳು.

"ಹಾಕ್ತೀನಮ್ಮ. ಸದ್ಯಕ್ಕೆ ನನಗೆ ಗೊತ್ತಿರೋ ಕಸುಬು ಅದೇ."

ಅವಳಿಗೆ ಅದು ಹಿಡಿಸಲಿಲ್ಲ. ಅವನಿಗೂ ಅದು ತಿಳಿಯಿತು. ಆದರೂ ಅವಳು ಜರಡಿ ಎತ್ತಿಕೊಂಡು ಮರುದಿನದ ಬ್ರೆಡ್ಡಿನ ಮೈದಾ ಜರಡಿ ಹಿಡಿಯತೊಡಗಿದಳು. ಅವನು ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತ.