ಕಿಟಕಿಯಿಲ್ಲದ ರೂಮಿನಲ್ಲಿ ಸಮುದ್ರಯಾನ

ಮಕ್ಕಳೇ, ನಾನು ಹಡಗಿನಲ್ಲಿ ಹೋದಾಗಿನ ಫೋಟೋ ನೋಡಿದಾಗಲೆಲ್ಲ ನೀವು ನಗುತ್ತೀರಿ. ಅದರಲ್ಲಿ ನಾನು ಸೆರಗಿನ ತುದಿಯಿಂದ ಅರ್ಧ ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ. ಪಕ್ಕದಲ್ಲಿ ನಿಮ್ಮ ತಾತನ ತಂಗಿ, ಅಂದರೆ ನನ್ನ ನಾದಿನಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ. "ಅಜ್ಜಿ, ಇದರಲ್ಲಿ ಸಮುದ್ರ ಎಲ್ಲಿ?" ಎಂದು ಕೇಳುತ್ತೀರಿ. ಇಲ್ಲ. ನಮ್ಮ ಹಿಂದೆ ಇರುವುದು ಒಂದು ಗೋಡೆ, ಗೋಡೆಯ ಮೇಲೊಂದು ಟಿ.ವಿ. ಆ ಕಿಟಕಿಯಿಲ್ಲದ ರೂಮನ್ನು ನಾನೇ ಬೇಕೆಂದು ಆರಿಸಿದ್ದು. ಯಾಕೆಂದು ಎದುರು ಕೂತು ಹೇಳಲು ನನಗೆ ನಾಚಿಕೆ. ಬರೆಯುವುದಾದರೆ ಹೇಗೋ ಬರೆದೇನು.

ನನಗೆ ಅರವತ್ತು ತುಂಬಿದ ವರ್ಷ ನಿಮ್ಮಪ್ಪ, "ಅಮ್ಮ, ನೀನು ಸಮುದ್ರ ನೋಡೇ ಇಲ್ಲ. ಹಡಗಲ್ಲಿ ಮುಂಬೈಯಿಂದ ಗೋವಾಕ್ಕೆ ಹೋಗಿಬಾ. ಬಾಲ್ಕನಿ ಇರೋ ರೂಮೇ ಹಾಕಿಸ್ತೀನಿ" ಎಂದ. ನಿಮ್ಮಮ್ಮ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ಇಟ್ಟಳು. ನಾನು ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ.

"ಅತ್ತೆ, ನಾಲ್ಕು ಥರ ಇದೆ. ಬಾಲ್ಕನಿ ಇರೋದು, ಬರೀ ಕಿಟಕಿ ಇರೋದು, ಕಿಟಕಿ ಇದ್ರೂ ಎದುರಿಗೆ ಅಪಾಯಕ್ಕೆ ಅಂತ ಇಟ್ಟಿರೋ ದೋಣಿ ಅಡ್ಡ ಬರೋದು. ಆಮೇಲೆ ಒಳಗಡೆ ರೂಮು. ಅದಕ್ಕೆ ಕಿಟಕೀನೇ ಇಲ್ಲ."

"ಅದಕ್ಕೆಷ್ಟು?"

ಹೇಳಿದಳು. ಬಾಲ್ಕನಿಯ ಅರ್ಧಕ್ಕಿಂತ ಕಡಿಮೆ. ಇನ್ನೊಂದು ವಿಷಯವನ್ನೂ ಹೇಳಿದಳು. ಹಡಗಿನ ರೂಮಿನ ಲೆಕ್ಕ ಯಾವಾಗಲೂ ಇಬ್ಬರಿಗಂತೆ, ಒಬ್ಬರೇ ಹೋದರೂ ಇಬ್ಬರ ದುಡ್ಡು ಕೊಡಬೇಕಂತೆ.

ನಾನು ಬೆಳ್ಳುಳ್ಳಿ ಕೆಳಗಿಟ್ಟೆ. ಸಿಂಗಸಂದ್ರದ ನಮ್ಮ ಮನೆಯ ಹಿಂದೆ ಮೂರು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟವಳು ನಾನು. ರಸ್ತೆ ಕಡೆಯ ರೂಮಿಗೆ ಜಾಸ್ತಿ, ಗೋಡೆಗೆ ಅಂಟಿಕೊಂಡ ಹಿಂದಿನ ರೂಮಿಗೆ ಕಡಿಮೆ. ಆದರೆ ಬಾಡಿಗೆಯ ಹುಡುಗಿಯರು ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಜಾಸ್ತಿ ದುಡ್ಡು ಕೊಟ್ಟ ಕಿಟಕಿಯಿಂದ ಅವರು ಆಚೆ ನೋಡಿದ್ದನ್ನು ನಾನು ಕಂಡಿಲ್ಲ.

"ಒಳಗಡೇದು ಹಾಕು. ಹಡಗಿನ ಮೇಲೆ ಓಡಾಡಕ್ಕೆ ಎಲ್ಲರಿಗೂ ಬಿಡ್ತಾರೆ ತಾನೆ? ಸಮುದ್ರ ಅಲ್ಲೇ ನೋಡ್ತೀನಿ. ರೂಮು ಮಲಗಕ್ಕೆ."

"ನಂಬರ್ ನಾವು ಆರಿಸದೆ ಅವರು ಕೊಟ್ಟ ರೂಮು ತಗೊಂಡ್ರೆ ಇನ್ನೂ ಕಮ್ಮಿ ಅತ್ತೆ."

"ಅಂಗೇ ಮಾಡು. ದಸರಾ ರಜ ಮುಗಿದು ಸ್ಕೂಲು ತೆಗೆದ ಮೇಲೆ ಹೊರಡೋ ಹಡಗು ನೋಡು, ಆವಾಗ ಕೇಳೋರಿರಲ್ಲ."

ಒಳಗಿನಿಂದ ನಿಮ್ಮಪ್ಪ ಕೂಗಿದ. "ಏನೇ ಅದು, ಅಮ್ಮನ್ನ ಗೋಡೌನಲ್ಲಿ ಹಾಕಿ ಕಳಿಸ್ತೀಯಾ?"

"ಗೋಡೌನಲ್ಲಿ ಇಬ್ಬರಿಗೆ ಜಾಗ ಇದೆ ಕಣೋ" ಎಂದೆ. "ನಿನ್ನ ಸೋದರತ್ತೆನೂ ಬರ್ತಾಳೆ."

ಅವಳು ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಾದಿನಿಗೆ ಹತ್ತು ವರ್ಷ. ರಾತ್ರಿ ನನ್ನ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದಳು. ಅವಳನ್ನು ಚಿಕ್ಕಬಾಣಾವರಕ್ಕೆ ಕೊಟ್ಟೆವು. ಆಮೇಲೆ ಈ ಕಡೆಯ ಹೊಲಗಳಿಗೆಲ್ಲ ಬೆಲೆ ಬಂತು. ನಮ್ಮದೂ ಮಾರಾಟವಾಯಿತು. ಹೆಣ್ಣುಮಕ್ಕಳು ನಮಗೇನೂ ಬೇಡವೆಂದು ಸಹಿ ಹಾಕಿಕೊಡಬೇಕಿತ್ತು. ಅವಳು ರಿಜಿಸ್ಟ್ರಾರ್ ಆಫೀಸಿಗೆ ಬಂದು ಸಹಿ ಹಾಕಿ, ನಮ್ಮ ಜೊತೆಯೇ ಮನೆಗೆ ಬಂದಳು. ಗಂಡಸರೆಲ್ಲ ಬ್ರೋಕರ್ ಜೊತೆ ಹೊರಟುಹೋದರು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದವಳು, "ಬರ್ತೀನಿ ಅತ್ತಿಗೆ" ಎಂದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ಏನೂ ಹೇಳಲಿಲ್ಲ.

ಅಂದಿನಿಂದ ಅವಳು ಬರುವುದು ಗೌರಿಹಬ್ಬದ ಬಾಗಿನಕ್ಕೆ ಮಾತ್ರ. ಬಾಗಿನ ತೆಗೆದುಕೊಂಡು, ಅರ್ಧ ಲೋಟ ಕಾಫಿ ಕುಡಿದು, "ಬಸ್ ತಪ್ಪೋಗುತ್ತೆ" ಎಂದು ಎದ್ದುಬಿಡುತ್ತಿದ್ದಳು. ನಿಮ್ಮ ತಾತ ಹೋದ ಮೇಲೆ ಕಾಫಿಯೂ ಕಾಲು ಲೋಟವಾಯಿತು. ಹೊಲ ಹೋದ ಸಿಟ್ಟು ಎಂದುಕೊಂಡಿದ್ದೆ. ನಾನು ಕಣ್ಣು ಮುಚ್ಚುವುದರೊಳಗೆ ಅವಳು ಒಂದು ದಿನವಾದರೂ ನನ್ನ ಜೊತೆ ಮೊದಲಿನ ಹಾಗೆ ಇರಬೇಕು ಎಂಬುದೊಂದೇ ನನ್ನ ಆಸೆ. ಹಡಗು ಅಂದಾಗ ನನಗೆ ಹೊಳೆದದ್ದು ಇಷ್ಟೆ, ಅಲ್ಲಿಂದ ಎದ್ದು ಬಸ್ ಹಿಡಿಯಲು ಆಗುವುದಿಲ್ಲ.

ಆದರೆ ಅವಳು ಬಿಟ್ಟಿ ಅಂದರೆ ಒಂದು ಕಡ್ಡಿಯನ್ನೂ ಮುಟ್ಟುವವಳಲ್ಲ. ಅದಕ್ಕೆ ಆ ವರ್ಷದ ಬಾಗಿನದ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆಗಳ ಕೆಳಗೆ ಟಿಕೆಟ್ಟನ್ನು ಮಡಿಸಿಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದೆ. ನಾನು ಬಾಗಿನ ಕೊಡುವ ಹಾಗಿಲ್ಲವಲ್ಲ, ನಿಮ್ಮಮ್ಮ ಕೊಟ್ಟಳು. ಬಾಗಿನ ಬಿಚ್ಚುವುದು ಮನೆಗೆ ಹೋದ ಮೇಲೆ. ತೆಗೆದುಕೊಂಡ ಬಾಗಿನವನ್ನು ತವರಿಗೆ ಯಾರೂ ವಾಪಸ್ಸು ಕೊಡುವುದಿಲ್ಲ.

ಸಂಜೆ ಫೋನ್ ಬಂತು.

"ಅತ್ತಿಗೆ, ಏನಿದು ಮೊರದಲ್ಲಿ?"

"ಬಾಗಿನ."

"ಬಾಗಿನದಲ್ಲಿ ಹಡಗು ಇಕ್ಕಿದ್ದನ್ನ ನಮ್ಮ ವಂಶದಲ್ಲಿ ಯಾರೂ ನೋಡಿಲ್ಲ!"

"ಬೇಡ ಅಂದ್ರೆ ವಾಪಸ್ಸು ಕೊಡು."

"ಬಲೇ ಕಿಲಾಡಿ ಕಣತ್ತಿಗೆ ನೀನು. ಬಾಯಿ ಇಲ್ದಂಗೆ ಇದ್ದು ಇಂಗೆ ಮಾಡ್ತೀಯಾ?" ಎಂದು ಫೋನ್ ಇಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೊರಡುವ ದಿನ ರೈಲ್ವೆ ಸ್ಟೇಷನ್ನಿಗೆ ನಮಗಿಂತ ಮೊದಲೇ ಬಂದು ಚೀಲದ ಮೇಲೆ ಕೂತಿದ್ದಳು.

ಮುಂಬೈಯವರೆಗೂ ನಿಮ್ಮಪ್ಪ ಬಂದು ಹಡಗು ಹತ್ತಿಸಿದ. ನಮ್ಮ ರೂಮು ಹಡಗಿನ ಹೊಟ್ಟೆಯೊಳಗೆ, ನಟ್ಟನಡುವೆ. ಉದ್ದನೆಯ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲುಗಳು. ಮೊದಲ ದಿನವೇ ಎರಡು ಸಲ ಬೇರೆಯವರ ಬಾಗಿಲು ತಟ್ಟಿ ಬೈಸಿಕೊಂಡೆವು. ನಾದಿನಿ ಚೀಲದಿಂದ ರಂಗೋಲಿ ಪುಡಿ ತೆಗೆದು ನಮ್ಮ ಬಾಗಿಲ ಮುಂದಿನ ಕಾರ್ಪೆಟ್ ಮೇಲೆ ಒಂದು ಪುಟ್ಟ ಎಳೆ ರಂಗೋಲಿ ಹಾಕಿದಳು. ನನಗೂ ಅದು ತಪ್ಪು ಅನ್ನಿಸಲಿಲ್ಲ, ಬಾಗಿಲು ಅಂದ ಮೇಲೆ ರಂಗೋಲಿ ತಾನೆ. ತಿಂಡಿ ತಿಂದು ಬರುವಷ್ಟರಲ್ಲಿ ರೂಮು ಗುಡಿಸುವವನು ಕಸ ಎಳೆಯುವ ಮಿಷನ್ ಹಿಡಿದು ಅದನ್ನೆಲ್ಲ ಎಳೆದುಬಿಟ್ಟಿದ್ದ. ಪಾಪ, ಬೈಯಲಿಲ್ಲ. ಕೈಮುಗಿದು, ಹಿಂದಿಯಲ್ಲಿ ಏನೋ ಹೇಳಿ, ನಮ್ಮ ಬಾಗಿಲ ಹಿಡಿಗೆ ಗುರುತಿಗೆಂದು ಒಂದು ಕೆಂಪು ರಿಬ್ಬನ್ ಕಟ್ಟಿಕೊಟ್ಟ. ಆ ಫೋಟೋ ತೆಗೆದವನೂ ಅವನೇ.

ಸಮುದ್ರವನ್ನು ಮೇಲಿನ ಅಂತಸ್ತಿಗೆ ಹೋಗಿ ಕಣ್ತುಂಬ ನೋಡಿದೆವು. ಬಾಲ್ಕನಿ ರೂಮಿನ ಒಬ್ಬ ಹೆಂಗಸು ಅಲೆ ಜೋರಾದಾಗ ವಾಂತಿಯಾಗಿ ಮಲಗಿಬಿಟ್ಟಿದ್ದಳಂತೆ. ಮೇಲಿನ ರೂಮುಗಳು ಹೆಚ್ಚು ತೂಗುತ್ತವಂತೆ, ನಮ್ಮದು ನಡುವೆ ಇದ್ದದ್ದರಿಂದ ತೊಟ್ಟಿಲಿನಷ್ಟೂ ತೂಗಲಿಲ್ಲ. ರೂಮಿನ ಟಿ.ವಿ.ಯಲ್ಲಿ ಒಂದು ಚಾನೆಲ್ ಇತ್ತು, ಹಡಗಿನ ಮುಂಭಾಗದ ಕ್ಯಾಮೆರಾದಿಂದ ಬರೀ ಸಮುದ್ರ ತೋರಿಸುತ್ತಿತ್ತು.

"ನೋಡತ್ತಿಗೆ, ಇದೇ ನಮ್ಮ ಕಿಟಕಿ. ಬೇಜಾರಾದ್ರೆ ಆರಿಸಿಬಿಡಬೌದು. ಬಾಲ್ಕನಿಯವರಿಗೆ ಆಗುತ್ತಾ?"

ಎರಡನೆಯ ದಿನ ಮಧ್ಯಾಹ್ನ ಊಟ ಮಾಡಿ ಬಂದು ಮಲಗಿದೆವು. ಲೈಟು ಆರಿಸಿದರೆ ಆ ರೂಮಿನಲ್ಲಿ ಹಗಲು ಎರಡು ಗಂಟೆಗೂ ನಮ್ಮ ಕೈ ನಮಗೆ ಕಾಣದು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವಳಿಗೆ. ಕಿಟಕಿಯ ಬೆಳಕಿದ್ದಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

"ಸಹಿ ಹಾಕಿದ ದಿನ ನಾನು ಒಂದು ಮಾತಾಡಬೇಕಿತ್ತು ಕಣೆ. ಅವಳಿಗೂ ಏನಾದ್ರೂ ಕೊಡಿ ಅನ್ನಬೇಕಿತ್ತು."

ಅವಳು ಹೊರಳಿದ ಸದ್ದಾಯಿತು. "ಇಷ್ಟು ವರ್ಷಕ್ಕೆ ಬಾಯಿ ಬಂತಾ ಅತ್ತಿಗೆಗೆ?"

ನಾನು ಹೊದಿಕೆ ಎಳೆದುಕೊಂಡೆ. ಅವಳೇ ಮುಂದುವರಿಸಿದಳು.

"ಹೊಲಕ್ಕೆ ಸಿಟ್ಟು ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಒಂದು ವರ್ಷ ಇತ್ತು, ಆಮೇಲೆ ಹೋಯ್ತು. ಆದ್ರೆ ಅವತ್ತು ಒಲೆ ಮೇಲೆ ಅವರೆಕಾಳು ಸಾರು ಕುದೀತಿತ್ತು. ಅಂಗಳದವರೆಗೂ ವಾಸನೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಉಂಡ್ಕೊಂಡು ಹೋಗು ಅಂತ ನೀನಾದ್ರೂ ಕರೀತೀಯ ಅಂತ ನಿಂತೆ. ನೀನೂ ಕರೀಲಿಲ್ಲ."

ಕತ್ತಲಲ್ಲಿ ನನಗೆ ಅಳು ಬಂತು. ಅವಳಿಗೆ ಗೊತ್ತಾಯಿತೇನೋ. "ಅಳಬೇಡ. ಅತ್ತರೆ ನೀರು ಆಚೆ ಹೋಗಕ್ಕೆ ಕಿಟಕೀನೂ ಇಲ್ಲ ಇಲ್ಲಿ" ಎಂದಳು. ಅಳುತ್ತಲೇ ನಗು ಬಂತು. ಅವಳು ಹಾಸಿಗೆಯ ಮೇಲೆ ತಡಕಾಡಿ ನನ್ನ ಸೆರಗಿನ ತುದಿ ಹುಡುಕಿ, ಅದನ್ನು ಹಿಡಿದುಕೊಂಡೇ ನಿದ್ದೆ ಹೋದಳು.

ಮುಂದಿನ ಗೌರಿಹಬ್ಬಕ್ಕೆ ಅವಳು ಬೆಳಿಗ್ಗೆಯೇ ಬಂದಳು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಹಳೆಯ ಸೀರೆ ಮತ್ತು ಬಾಚಣಿಗೆ ಕಂಡವು.

"ಅತ್ತಿಗೆ, ಹಿಂದಿನ ರೂಮು ಖಾಲಿ ಐತಾ?"

"ಇಲ್ಲ, ಬಾಡಿಗೆಗೆ ಹೋಗಿದೆ. ನನ್ನ ರೂಮಲ್ಲಿ ಮಲಗು. ಅದಕ್ಕೆ ಕಿಟಕಿ ಇದೆ."

"ಅಂಗಾದ್ರೆ ರೇಟು ಜಾಸ್ತಿನಾ?"

ಮಧ್ಯಾಹ್ನ ಎಲೆ ಹಾಕಿದೆ. ಅವಳು ಮಹಡಿಯಲ್ಲಿ ನಿಮ್ಮ ಜೊತೆ ಆಡುತ್ತಿದ್ದಳು. ನಿಮ್ಮಮ್ಮ ಕರೆಯಲು ಹೊರಟಳು, ನಾನು ತಡೆದೆ. ಅಂಗಳಕ್ಕೆ ಹೋಗಿ ನಿಂತು, ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಜೋರಾಗಿ, "ಊಟಕ್ಕೆ ಬಾರೇ!" ಎಂದು ಕೂಗಿದೆ.

"ಕೇಳಿಸ್ತು ಕಣತ್ತಿಗೆ," ಎಂದು ಮೇಲಿನಿಂದ ಅವಳ ದನಿ ಬಂತು, "ನಾನೇನು ಹಡಗಲ್ಲಿದ್ದೀನಾ?"